ಸಮೂಹ ವಿಮೆಯಲ್ಲಿ ಮೊತ್ತಕ್ಕಿಂತ ಮೊದಲು ಓದಬೇಕಾದದ್ದು

ಕೇಂದ್ರ ಸರ್ಕಾರದ ಗ್ರೂಪ್ ಸಿ ನೌಕರರ ವೇತನ ಚೀಟಿಯಲ್ಲಿ ಪ್ರತಿ ತಿಂಗಳೂ ಸಿಜಿಇಜಿಐಎಸ್ ಎಂಬ ಹೆಸರಿನಲ್ಲಿ 30 ರೂಪಾಯಿ ಕಡಿತವಾಗುತ್ತದೆ. ಗ್ರೂಪ್ ಬಿ ನೌಕರರಿಗೆ ಅದು 60 ರೂಪಾಯಿ, ಗ್ರೂಪ್ ಎ ಅಧಿಕಾರಿಗಳಿಗೆ 120 ರೂಪಾಯಿ. ವರಮಾನ ತೆರಿಗೆಯ ಕಡಿತವನ್ನು ಎರಡೆರಡು ಸಲ ಲೆಕ್ಕ ಹಾಕಿ ನೋಡುವವರು ಕೂಡ ಈ ಸಾಲಿನ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಾರೆ. ಕೇಂದ್ರ ಸರ್ಕಾರಿ ನೌಕರರ ಸಮೂಹ ವಿಮಾ ಯೋಜನೆ ಎಂಬುದು ಅದರ ಪೂರ್ಣ ಹೆಸರು. 1980ರ ನವೆಂಬರ್ 1ರಂದು ಪ್ರಕಟವಾಗಿ 1982ರ ಜನವರಿ 1ರಿಂದ ಜಾರಿಗೆ ಬಂದ ಈ ಯೋಜನೆಯ ಬಗ್ಗೆ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ, ಕೊನೆಗೆ ಎಷ್ಟು ಸಿಗುತ್ತದೆ ಎಂಬುದು. ಆ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಇನ್ನೊಂದನ್ನು ಕೇಳಬೇಕು: ಯಾವ ದಿನಾಂಕದಂದು ನೌಕರ ಯಾವ ಸ್ಥಾನದಲ್ಲಿದ್ದ? ಅರ್ಹತೆಯ ಷರತ್ತುಗಳೆಲ್ಲ ಸುತ್ತುವುದು ಈ ಪ್ರಶ್ನೆಯ ಸುತ್ತ. ಅದನ್ನು ಬಿಡಿಸಿ ಹೇಳುವ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ. ನಡುವೆ ನನ್ನ ಒಂದೆರಡು ತಕರಾರುಗಳೂ ಬರುತ್ತವೆ.

ಕಡಿತವಾದ ಹಣ ಎರಡು ಭಾಗವಾಗುತ್ತದೆ ಎಂಬುದನ್ನು ಮೊದಲು ತಿಳಿದಿರಬೇಕು. ಶೇ 30ರಷ್ಟು ವಿಮಾ ನಿಧಿಗೆ, ಶೇ 70ರಷ್ಟು ಉಳಿತಾಯ ನಿಧಿಗೆ ಹೋಗುತ್ತದೆ. ಅಂದರೆ ಗ್ರೂಪ್ ಸಿ ನೌಕರನ 30 ರೂಪಾಯಿಯಲ್ಲಿ ವಿಮೆಗೆ ಸಲ್ಲುವುದು 9 ರೂಪಾಯಿ ಮಾತ್ರ. ಉಳಿದ 21 ರೂಪಾಯಿ ಬಡ್ಡಿಯೊಂದಿಗೆ ಬೆಳೆದು, ನಿವೃತ್ತಿ, ರಾಜೀನಾಮೆ ಅಥವಾ ಮರಣದ ಸಂದರ್ಭದಲ್ಲಿ ಮರಳಿ ಬರುತ್ತದೆ. ವಿಮೆಯ ಮೊತ್ತ ದೊರೆಯುವುದು ಸೇವೆಯಲ್ಲಿದ್ದಾಗ ಮರಣ ಸಂಭವಿಸಿದರೆ ಮಾತ್ರ: ಗ್ರೂಪ್ ಸಿಗೆ 30,000, ಗ್ರೂಪ್ ಬಿಗೆ 60,000, ಗ್ರೂಪ್ ಎಗೆ 1,20,000 ರೂಪಾಯಿ. ನಿವೃತ್ತಿಯೊಂದಿಗೆ ವಿಮೆ ಮುಗಿಯುತ್ತದೆ. ಇಷ್ಟು ವರ್ಷ ಕಟ್ಟಿದ್ದೇನಲ್ಲ, ನಿವೃತ್ತಿಯ ಮೇಲೂ ಏನಾದರೂ ವಿಮೆ ಇರಬೇಕಲ್ಲವೇ ಎಂದು ಕೇಳುವವರಿದ್ದಾರೆ; ಇಲ್ಲ. ನಿವೃತ್ತರ ಕೈಗೆ ಬರುವುದು ಉಳಿತಾಯದ ಭಾಗ ಮಾತ್ರ.

ಈಗ ದಿನಾಂಕಗಳ ವಿಷಯ. ಈ ಯೋಜನೆಗೆ ಒಂದು ವಾರ್ಷಿಕ ದಿನವಿದೆ, ಜನವರಿ 1. ವರ್ಷದ ನಡುವೆ ಕೆಲಸಕ್ಕೆ ಸೇರಿದವರು ಮುಂದಿನ ಜನವರಿ 1ರಂದು ಪೂರ್ಣ ಸದಸ್ಯರಾಗುತ್ತಾರೆ. ಹಾಗೆಂದು ಅಲ್ಲಿಯವರೆಗೆ ರಕ್ಷಣೆ ಇಲ್ಲವೆಂದಲ್ಲ. ಕರ್ತವ್ಯಕ್ಕೆ ಹಾಜರಾದ ದಿನದಿಂದಲೇ ವಿಮೆ ಇರುತ್ತದೆ. ಅದಕ್ಕಾಗಿ 15,000 ರೂಪಾಯಿಯ ಪ್ರತಿ ಘಟಕಕ್ಕೆ ತಿಂಗಳಿಗೆ 5 ರೂಪಾಯಿಯಂತೆ ವಿಮಾ ಕಂತನ್ನಷ್ಟೇ ಹಿಡಿಯುತ್ತಾರೆ. ಗ್ರೂಪ್ ಸಿಯಲ್ಲಿ ಎರಡು ಘಟಕಗಳಿರುವುದರಿಂದ ಹೊಸ ನೌಕರನಿಗೆ 10 ರೂಪಾಯಿ, ಗ್ರೂಪ್ ಬಿಯಲ್ಲಿ 20, ಗ್ರೂಪ್ ಎಯಲ್ಲಿ 40. ಜುಲೈ ತಿಂಗಳಲ್ಲಿ ಗ್ರೂಪ್ ಸಿ ಹುದ್ದೆಗೆ ಸೇರಿದವನು ಅದೇ ವರ್ಷದ ಅಕ್ಟೋಬರಿನಲ್ಲಿ ತೀರಿಕೊಂಡರೆ ಅವನ ಕುಟುಂಬಕ್ಕೆ 30,000 ರೂಪಾಯಿ ವಿಮಾ ಮೊತ್ತ ಸಲ್ಲಬೇಕು, ಉಳಿತಾಯ ನಿಧಿಯಿಂದ ಏನೂ ಬರುವುದಿಲ್ಲ, ಏಕೆಂದರೆ ಆ ಖಾತೆ ಇನ್ನೂ ತೆರೆದಿರುವುದೇ ಇಲ್ಲ. ವೇತನ ಚೀಟಿಯಲ್ಲಿ 30ರ ಬದಲು 10 ಕಂಡು ಲೆಕ್ಕ ತಪ್ಪಿದೆ ಎಂದು ಭಾವಿಸುವ ಹೊಸಬರಿಗೂ, ಅವನಿನ್ನೂ ಸದಸ್ಯನೇ ಆಗಿರಲಿಲ್ಲ ಎಂದು ಕುಟುಂಬದವರನ್ನು ಮರಳಿ ಕಳಿಸುವ ಗುಮಾಸ್ತರಿಗೂ ಈ ವ್ಯತ್ಯಾಸ ತಿಳಿದಿರಬೇಕು. ಸದಸ್ಯತ್ವ ಬೇರೆ, ವಿಮಾ ರಕ್ಷಣೆ ಬೇರೆ. ಮೊದಲಿನದು ಜನವರಿಗೆ ಕಾಯುತ್ತದೆ, ಎರಡನೆಯದು ಕಾಯುವುದಿಲ್ಲ.

ಬಡ್ತಿಯ ವಿಷಯದಲ್ಲಿ ಇದೇ ಜನವರಿ 1 ನೌಕರನಿಗೆ ಅಷ್ಟು ಅನುಕೂಲವಾಗಿ ನಡೆದುಕೊಳ್ಳುವುದಿಲ್ಲ. ಫೆಬ್ರುವರಿಯಲ್ಲಿ ಗ್ರೂಪ್ ಸಿಯಿಂದ ಗ್ರೂಪ್ ಬಿಗೆ ಬಡ್ತಿ ಪಡೆದವರ ವೇತನ ಮರುತಿಂಗಳೇ ಏರುತ್ತದೆ, ಆದರೆ ವಿಮೆಯ ವಂತಿಗೆ ಏರುವುದು ಮುಂದಿನ ಜನವರಿಯಲ್ಲಿ. ಆ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರೆ, ಹತ್ತು ತಿಂಗಳು ಗ್ರೂಪ್ ಬಿ ಹುದ್ದೆಯಲ್ಲಿ ದುಡಿದಿದ್ದರೂ ಕುಟುಂಬಕ್ಕೆ ಸಿಗುವುದು ಗ್ರೂಪ್ ಸಿಯ 30,000 ರೂಪಾಯಿ. ಡಿಸೆಂಬರಿನಲ್ಲಿ ಬಡ್ತಿ ಪಡೆದ ಮತ್ತೊಬ್ಬರಿಗೆ ಕೆಲವೇ ದಿನಗಳಲ್ಲಿ 60,000 ರೂಪಾಯಿಯ ರಕ್ಷಣೆ ದೊರೆಯುತ್ತದೆ. ಇದರ ಹಿಂದಿನ ಕಾರಣ ಆಡಳಿತದ ಅನುಕೂಲ: ಉಳಿತಾಯ ನಿಧಿಯ ಲಾಭದ ಕೋಷ್ಟಕಗಳನ್ನು ಹಣಕಾಸು ಸಚಿವಾಲಯ ಸದಸ್ಯತ್ವದ ವರ್ಷದ ಆಧಾರದ ಮೇಲೆ ಸಿದ್ಧಪಡಿಸುತ್ತದೆ, ಎಲ್ಲರ ಲೆಕ್ಕವೂ ಒಂದೇ ದಿನ ಆರಂಭವಾದರೆ ಕೆಲಸ ಸರಳವಾಗುತ್ತದೆ. ಲೆಕ್ಕವನ್ನೆಲ್ಲ ಕೈಯಲ್ಲಿ ಬರೆಯುತ್ತಿದ್ದ 1982ರಲ್ಲಿ ಈ ಕಾರಣವನ್ನು ಒಪ್ಪಬಹುದಿತ್ತು. ವೇತನ ಬಿಲ್ಲುಗಳೆಲ್ಲ ಗಣಕೀಕೃತವಾಗಿರುವ ಇಂದು, ಹೊಸ ನೌಕರರಿಗೆ ಕೊಟ್ಟಿರುವಂತೆ ಬಡ್ತಿ ಪಡೆದವರಿಗೂ ನಡುವಿನ ತಿಂಗಳುಗಳಿಗೆ ಹೆಚ್ಚುವರಿ ಘಟಕಗಳ ವಿಮಾ ಕಂತನ್ನಷ್ಟೇ ಹಿಡಿದು ಹೆಚ್ಚಿನ ರಕ್ಷಣೆ ಕೊಡುವುದಕ್ಕೆ ಅಡ್ಡಿ ಏನು ಎಂಬುದು ನನಗೆ ತಿಳಿಯುವುದಿಲ್ಲ.

ವಯಸ್ಸಿನ ಷರತ್ತು ಒಂದಿದೆ. 50 ವರ್ಷ ತುಂಬಿದ ನಂತರ ಕೇಂದ್ರ ಸೇವೆಗೆ ನೇಮಕಗೊಂಡವರಿಗೆ ಯೋಜನೆ ಅನ್ವಯಿಸುವುದಿಲ್ಲ. ಇದನ್ನು ಅನ್ಯಾಯವೆಂದು ಕೆಲವರು ದೂರುತ್ತಾರೆ. ನಾನು ಹಾಗೆ ಹೇಳಲಾರೆ. ಈ ಯೋಜನೆಯಲ್ಲಿ ವೈದ್ಯಕೀಯ ತಪಾಸಣೆಯಿಲ್ಲ, ಮಧುಮೇಹವಿದೆಯೇ ಹೃದ್ರೋಗವಿದೆಯೇ ಎಂದು ಯಾರೂ ಕೇಳುವುದಿಲ್ಲ, ಇಪ್ಪತ್ತೆರಡರ ನೌಕರನಿಗೂ ಐವತ್ತೆಂಟರ ನೌಕರನಿಗೂ ಒಂದೇ ದರ. ಗ್ರೂಪ್ ಸಿಯಲ್ಲಿ ವರ್ಷಕ್ಕೆ 108 ರೂಪಾಯಿಯ ವಿಮಾ ಕಂತಿಗೆ 30,000 ರೂಪಾಯಿಯ ರಕ್ಷಣೆ ಎಂದರೆ ಸಾವಿರಕ್ಕೆ 3 ರೂಪಾಯಿ 60 ಪೈಸೆ. ಕಿರಿಯರ ಪಾಲಿಗೆ ಇದು ಸ್ವಲ್ಪ ದುಬಾರಿ, ಹಿರಿಯರ ಪಾಲಿಗೆ ಅಗ್ಗ. ಕಿರಿಯ ವಯಸ್ಸಿನಲ್ಲಿ ಹೆಚ್ಚು ಕೊಟ್ಟವರೇ ಮುಂದೆ ಹಿರಿಯರಾಗಿ ಅದರ ಫಲ ಪಡೆಯುತ್ತಾರೆ ಎಂಬ ನಂಬಿಕೆಯ ಮೇಲೆ ಈ ಏರ್ಪಾಡು ನಿಂತಿದೆ. ಐವತ್ತು ದಾಟಿದ ಮೇಲೆ ಒಳಬರುವವರು ಈ ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ ಹಿಡಿದಂತಾಗುತ್ತದೆ. 1980ರ ನವೆಂಬರ್ 1ರ ನಂತರ ಸೇವೆಗೆ ಸೇರಿದವರಿಗೆಲ್ಲ ಯೋಜನೆ ಕಡ್ಡಾಯವಾಗಿರುವುದಕ್ಕೂ ಕಾರಣ ಇದೇ. ಅದಕ್ಕೂ ಮೊದಲೇ ಸೇವೆಯಲ್ಲಿದ್ದವರಿಗೆ ಹೊರಗುಳಿಯುವ ಆಯ್ಕೆಯನ್ನು ಕೊಡಲಾಗಿತ್ತು. ಎಲ್ಲರಿಗೂ ಆಯ್ಕೆ ಕೊಟ್ಟರೆ ಆರೋಗ್ಯವಂತರು ಹೊರಗೆ ಹೋಗಿ ರೋಗಿಗಳು ಮಾತ್ರ ಒಳಗೆ ಉಳಿಯುತ್ತಾರೆ, ಆಗ ಸಾವಿರಕ್ಕೆ ಮೂರೂವರೆ ರೂಪಾಯಿಯ ದರ ಹೆಚ್ಚು ಕಾಲ ನಿಲ್ಲುವುದಿಲ್ಲ. ನನ್ನ ಹಣವನ್ನು ನನ್ನನ್ನು ಕೇಳದೆ ಯಾಕೆ ಕಡಿತ ಮಾಡುತ್ತಾರೆ ಎಂದು ಕೇಳುವ ಯುವ ನೌಕರರಿಗೆ ನಾನು ಕೊಡುವ ಉತ್ತರವೂ ಇದೇ.

ಅಸಾಧಾರಣ ರಜೆ ಮತ್ತು ಅಮಾನತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡರಲ್ಲೂ ಸದಸ್ಯತ್ವ ಮುಂದುವರಿಯುತ್ತದೆ. ವೇತನವಿಲ್ಲದ ರಜೆಯ ಅವಧಿಯ ವಂತಿಗೆಯನ್ನು ಕರ್ತವ್ಯಕ್ಕೆ ಮರಳಿದ ಮೇಲೆ ಬಡ್ಡಿ ಸಹಿತ ವಸೂಲು ಮಾಡುತ್ತಾರೆ. ರಜೆಯಲ್ಲಿರುವಾಗಲೇ ಮರಣ ಸಂಭವಿಸಿದರೆ ಬಾಕಿಯನ್ನು ಕುಟುಂಬಕ್ಕೆ ಕೊಡುವ ಮೊತ್ತದಿಂದ ಕಳೆಯುತ್ತಾರೆ. ಕಂತು ತಪ್ಪಿದ ಮಾತ್ರಕ್ಕೆ ಖಾಸಗಿ ಪಾಲಿಸಿಯಂತೆ ಇದು ರದ್ದಾಗುವುದಿಲ್ಲ. ದೀರ್ಘ ಕಾಯಿಲೆಯಿಂದ ರಜೆಯೆಲ್ಲ ಮುಗಿದು ಸಂಬಳವಿಲ್ಲದೆ ಮನೆಯಲ್ಲಿದ್ದವರ ಕುಟುಂಬಗಳು, ವಿಮೆಯೂ ಮುಗಿಯಿತೆಂದು ತಾವೇ ತೀರ್ಮಾನಿಸಿ ಅರ್ಜಿ ಹಾಕದೇ ಉಳಿಯಬಾರದು.

ಯಾರ ಕೈಗೆ ಹಣ ಸೇರುತ್ತದೆ ಎಂಬುದೂ ಅರ್ಹತೆಯ ಪ್ರಶ್ನೆಯೇ. ಕುಟುಂಬ ಇರುವ ಸದಸ್ಯ ಕುಟುಂಬದವರನ್ನೇ ನಾಮನಿರ್ದೇಶನ ಮಾಡಬೇಕು, ಮತ್ತು ಇಲ್ಲಿ ಕುಟುಂಬ ಎಂಬುದಕ್ಕೆ ಸಾಮಾನ್ಯ ಭವಿಷ್ಯ ನಿಧಿಯ ನಿಯಮಗಳಲ್ಲಿರುವ ಅರ್ಥವೇ ಅನ್ವಯಿಸುತ್ತದೆ. ಆ ಅರ್ಥದಲ್ಲಿ ತಂದೆ ತಾಯಿ, ಮಡದಿ ಮಕ್ಕಳು, ಅಪ್ರಾಪ್ತ ವಯಸ್ಸಿನ ತಮ್ಮಂದಿರು, ಮದುವೆಯಾಗದ ಅಕ್ಕತಂಗಿಯರು ಸೇರುತ್ತಾರೆ; ಪ್ರಾಯಕ್ಕೆ ಬಂದ ತಮ್ಮ ಸೇರುವುದಿಲ್ಲ. ಮದುವೆಯಾಗದ, ತಂದೆ ತಾಯಿ ಬದುಕಿರುವ ನೌಕರನೊಬ್ಬ, ಬ್ಯಾಂಕಿನ ವ್ಯವಹಾರವೆಲ್ಲ ತಮ್ಮನೇ ನೋಡಿಕೊಳ್ಳುತ್ತಾನೆ ಎಂದು ಇಪ್ಪತ್ತೈದರ ತಮ್ಮನ ಹೆಸರು ಬರೆದರೆ ಆ ನಾಮನಿರ್ದೇಶನ ನಿಲ್ಲುವುದಿಲ್ಲ. ಸೇವೆಗೆ ಸೇರಿದ ವಾರದಲ್ಲಿ ಹತ್ತಾರು ನಮೂನೆಗಳಿಗೆ ಸಹಿ ಹಾಕುವಾಗ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮದುವೆಯಾದ ಮೇಲೆ ಭವಿಷ್ಯ ನಿಧಿಯ ನಾಮನಿರ್ದೇಶನವನ್ನು ಬದಲಿಸಿದವರು ಸಮೂಹ ವಿಮೆಯದನ್ನು ಹಾಗೆಯೇ ಬಿಟ್ಟಿರುವುದು ಸಾಮಾನ್ಯ. ಎರಡೂ ಬೇರೆ ಬೇರೆ ನಮೂನೆಗಳು, ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ. ಸೇವಾ ಪುಸ್ತಕವನ್ನು ವರ್ಷಕ್ಕೊಮ್ಮೆ ನೋಡಿ ಸಹಿ ಮಾಡುವ ಅವಕಾಶ ಬಂದಾಗ, ಸದಸ್ಯತ್ವದ ದಿನಾಂಕ, ಗ್ರೂಪ್, ನಾಮನಿರ್ದೇಶನ ಈ ಮೂರೂ ಅಲ್ಲಿ ಸರಿಯಾಗಿ ನಮೂದಾಗಿವೆಯೇ ಎಂದು ಪರಿಶೀಲಿಸುವುದು ಒಳ್ಳೆಯದು.

ಮೊತ್ತದ ಬಗ್ಗೆ ಮಾತನಾಡದೆ ಹೋದರೆ ನನ್ನ ಮಾತು ಅಪೂರ್ಣವಾಗುತ್ತದೆ. ಈಗಿರುವ ದರಗಳು 1990ರ ಜನವರಿ 1ರಿಂದ ಹಾಗೆಯೇ ಇವೆ. ಆಗ ಕೆಳದರ್ಜೆ ಗುಮಾಸ್ತರ ಆರಂಭಿಕ ಮೂಲ ವೇತನ 950 ರೂಪಾಯಿ. 30,000 ಎಂದರೆ ಎರಡೂವರೆ ವರ್ಷಕ್ಕೂ ಹೆಚ್ಚಿನ ಮೂಲ ವೇತನ. ಇಂದು ಅದೇ ಹುದ್ದೆಯ ಆರಂಭಿಕ ಮೂಲ ವೇತನ 19,900 ರೂಪಾಯಿ. 30,000 ಎಂದರೆ ಒಂದೂವರೆ ತಿಂಗಳಿನದು. ಏಳನೇ ವೇತನ ಆಯೋಗ ಇದನ್ನು ಗಮನಿಸಿ, ವೇತನ ಹಂತ 1ರಿಂದ 5ರವರೆಗಿನ ನೌಕರರಿಗೆ ತಿಂಗಳಿಗೆ 1,500 ರೂಪಾಯಿ ವಂತಿಗೆ ಮತ್ತು 15 ಲಕ್ಷದ ವಿಮೆ, 6ರಿಂದ 9ರವರೆಗೆ 2,500 ಮತ್ತು 25 ಲಕ್ಷ, 10 ಮತ್ತು ಅದಕ್ಕಿಂತ ಮೇಲಿನವರಿಗೆ 5,000 ಮತ್ತು 50 ಲಕ್ಷ ಎಂದು ಶಿಫಾರಸು ಮಾಡಿತು. 2016ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಇದರಿಂದ ಕೆಳ ಹಂತದ ನೌಕರರ ಕೈಗೆ ಬರುವ ಸಂಬಳ 1,470 ರೂಪಾಯಿ ಹೆಚ್ಚಾಗುತ್ತದೆ ಎಂದು ಸರ್ಕಾರ ಹೇಳಿತು. 1,500ರಿಂದ ಹಳೆಯ 30 ಕಳೆದರೆ ಬರುವ ಸಂಖ್ಯೆ ಅದು. ಐವತ್ತು ಪಟ್ಟು ಏರಿಕೆಯನ್ನು ಒಮ್ಮೆಲೇ ಹೇರುವುದು ಕಷ್ಟವೆಂಬುದನ್ನು ಒಪ್ಪುತ್ತೇನೆ. ಆದರೆ 1,500 ಬೇಡ ಎಂದಾಗ 300 ಆಗಬಹುದೇ ಎಂಬ ಮಾತಿಗೆ ಜಾಗವಿತ್ತು. ಹತ್ತು ಪಟ್ಟು ವಂತಿಗೆಗೆ ಹತ್ತು ಪಟ್ಟು ರಕ್ಷಣೆ ಕೊಟ್ಟಿದ್ದರೂ ಗ್ರೂಪ್ ಸಿ ನೌಕರನ ಕುಟುಂಬಕ್ಕೆ 3 ಲಕ್ಷವಾಗುತ್ತಿತ್ತು, ಉಳಿತಾಯದ ಭಾಗವೂ ಬೆಳೆಯುತ್ತಿತ್ತು.

ಇನ್ನು ಹೊರಗಿಟ್ಟವರ ಪಟ್ಟಿ. ಗುತ್ತಿಗೆ ನೌಕರರು, ದಿನಗೂಲಿಗಳು, ಅರೆಕಾಲಿಕ ಮತ್ತು ತಾತ್ಕಾಲಿಕ ಏರ್ಪಾಡಿನ ನೌಕರರು, ರಾಜ್ಯ ಸರ್ಕಾರ ಅಥವಾ ಸಾರ್ವಜನಿಕ ಉದ್ಯಮಗಳಿಂದ ನಿಯೋಜನೆಯ ಮೇಲೆ ಬಂದವರು ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ. ನಿಯೋಜನೆಯ ಮೇಲೆ ಬಂದವರಿಗೆ ಅವರ ಮೂಲ ಸಂಸ್ಥೆಯಲ್ಲಿ ಬೇರೆ ವ್ಯವಸ್ಥೆ ಇರುವುದರಿಂದ ಅದರ ಬಗ್ಗೆ ತಕರಾರಿಲ್ಲ. ಉಳಿದವರ ವಿಷಯ ಹಾಗಲ್ಲ. ಒಂದೇ ಕೋಣೆಯಲ್ಲಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನಿಗೆ ವಿಮೆ ಇದೆ, ಇನ್ನೊಬ್ಬನಿಗಿಲ್ಲ. ಅದಕ್ಕೆ ಕಾರಣ ನೇಮಕಾತಿ ಆದೇಶದಲ್ಲಿರುವ ಒಂದು ಪದ.

ಇಲ್ಲೊಂದು ವಿಚಿತ್ರವನ್ನೂ ಹೇಳಬೇಕು. ಹೊರಗುತ್ತಿಗೆಯ ನೌಕರ ಇಪಿಎಫ್ (ನೌಕರರ ಭವಿಷ್ಯ ನಿಧಿ) ಸದಸ್ಯನಾಗಿದ್ದರೆ, 1976ರ ನೌಕರರ ಠೇವಣಿ ಸಂಬಂಧಿತ ವಿಮಾ ಯೋಜನೆಯ ರಕ್ಷಣೆ ಅವನಿಗೆ ದೊರೆಯುತ್ತದೆ. ಅದರ ಕಂತು ವೇತನದ ಶೇ 0.5, ಅದನ್ನು ಕಟ್ಟುವವನು ಮಾಲೀಕ. ನೌಕರನ ಸಂಬಳದಿಂದ ಪೈಸೆಯೂ ಹೋಗುವುದಿಲ್ಲ. ಲೆಕ್ಕಕ್ಕೆ ಹಿಡಿಯುವ ಸರಾಸರಿ ವೇತನದ ಮಿತಿ 15,000. ಆ ಸರಾಸರಿ ವೇತನದ 35 ಪಟ್ಟು, ಜೊತೆಗೆ ಭವಿಷ್ಯ ನಿಧಿಯ ಸರಾಸರಿ ಶಿಲ್ಕಿನ ಅರ್ಧ (ಈ ಅರ್ಧ 1.75 ಲಕ್ಷ ಮೀರದಂತೆ), ಇವೆರಡೂ ಸೇರಿ ವಿಮಾ ಮೊತ್ತ. 2021ರ ತಿದ್ದುಪಡಿಯ ನಂತರ ಗರಿಷ್ಠ ಮೊತ್ತ 7 ಲಕ್ಷ ರೂಪಾಯಿ. ಕಾಯಂ ಗ್ರೂಪ್ ಸಿ ನೌಕರನ 30,000ದ ಇಪ್ಪತ್ತಮೂರು ಪಟ್ಟು! ಕಾಯಂ ನೌಕರನಿಗೆ ಕುಟುಂಬ ಪಿಂಚಣಿ, ಮರಣ ಉಪದಾನಗಳು ಬೇರೆ ಇವೆ ಎಂಬುದು ನಿಜ, ಆದ್ದರಿಂದ ಒಟ್ಟು ಲೆಕ್ಕದಲ್ಲಿ ಅವನ ಸ್ಥಿತಿಯೇ ಮೇಲು. ವಿಮೆಯನ್ನಷ್ಟೇ ತೆಗೆದುಕೊಂಡರೆ ಮಾತ್ರ ತಕ್ಕಡಿ ಹೊರಗುತ್ತಿಗೆಯವನ ಕಡೆ ವಾಲುತ್ತದೆ.

ಆದರೆ ಈ 7 ಲಕ್ಷಕ್ಕೂ ಷರತ್ತುಗಳಿವೆ, ಅವೂ ದಿನಾಂಕಗಳೇ. ಪೂರ್ಣ ಲಾಭಕ್ಕೆ ಮರಣಕ್ಕೆ ಮುಂಚಿನ ಹನ್ನೆರಡು ತಿಂಗಳು ನಿರಂತರ ಸೇವೆ ಇರಬೇಕು. ಈ ಅವಧಿಯಲ್ಲಿ ಸಂಸ್ಥೆ ಬದಲಾದರೂ ಪರವಾಗಿಲ್ಲ; 2025ರ ತಿದ್ದುಪಡಿಯ ನಂತರ ಎರಡು ಕೆಲಸಗಳ ನಡುವೆ 60 ದಿನಗಳವರೆಗಿನ ಬಿಡುವನ್ನೂ ನಿರಂತರ ಸೇವೆ ಎಂದೇ ಎಣಿಸುತ್ತಾರೆ, ಅದಕ್ಕಿಂತ ಹೆಚ್ಚು ಕಾಲ ಸೇವೆ ಕಡಿಯಬಾರದು. ಹೊರಗುತ್ತಿಗೆಯಲ್ಲಿ ಗುತ್ತಿಗೆದಾರ ಬದಲಾಗುವಾಗ ಹಳೆಯವನು ಮಾರ್ಚ್ ಕೊನೆಗೆ ಬಿಡುಗಡೆ ತೋರಿಸಿ, ಹೊಸಬನು ಜುಲೈ ತಿಂಗಳಿಂದ ಸೇರ್ಪಡೆ ತೋರಿಸಿದರೆ, ಕೆಲಸಗಾರ ಏಪ್ರಿಲ್‌ನಿಂದ ಜೂನ್‌ವರೆಗೆ ಅದೇ ಮೇಜಿನಲ್ಲಿ ಕೂತು ದುಡಿದಿದ್ದರೂ ದಾಖಲೆಯಲ್ಲಿ ಮೂರು ತಿಂಗಳ ಬಿರುಕು ಉಳಿಯುತ್ತದೆ, ಕ್ಲೇಮಿನ ಪರಿಶೀಲನೆಯ ಹೊತ್ತಿಗೆ ಅದು ಎದ್ದು ಕಾಣುತ್ತದೆ. ನಿಮ್ಮ ಕಚೇರಿಯಲ್ಲಿ ಹೊರಗುತ್ತಿಗೆಯ ಸಹೋದ್ಯೋಗಿಗಳಿದ್ದರೆ ಅವರ ಇಪಿಎಫ್ ಪಾಸ್‌ಬುಕ್ಕಿನಲ್ಲಿ ತಿಂಗಳ ವಂತಿಗೆಗಳು ಸಾಲಾಗಿ ಜಮೆಯಾಗಿವೆಯೇ, ಸೇರಿದ ಮತ್ತು ಬಿಟ್ಟ ದಿನಾಂಕಗಳ ನಡುವೆ ಖಾಲಿ ತಿಂಗಳಿದೆಯೇ, ಇ-ನಾಮಿನೇಷನ್ (ಆನ್‌ಲೈನ್ ನಾಮನಿರ್ದೇಶನ) ಆಗಿದೆಯೇ ಎಂದು ನೋಡಿಕೊಳ್ಳಲು ತಿಳಿಸಿ. ಖಾಲಿ ತಿಂಗಳು ಕಂಡರೆ ಆ ತಿಂಗಳ ಹಾಜರಾತಿಯ ಪ್ರತಿಯನ್ನು ಕಚೇರಿಯಿಂದ ಪಡೆದು, ಗುತ್ತಿಗೆದಾರನಿಗೆ ದಿನಾಂಕ ಸರಿಪಡಿಸುವಂತೆ ಈಗಲೇ ಲಿಖಿತವಾಗಿ ಕೇಳಬೇಕು.