ಬೆಳ್ಳಿ ಪದಕದಿಂದ ಶುರುವಾಗಬೇಕಾದ ಕಾದಂಬರಿ

ಮಡಿಕೇರಿಯಲ್ಲಿ ಮೂರು ದಿನದಿಂದ ಬಿಡದೆ ಮಳೆ. ಕರೆಂಟಿಲ್ಲ. ಮೇಣದಬತ್ತಿ ಹಚ್ಚಿಕೊಂಡು ಒಂದು ಪತ್ತೇದಾರಿ ಕಾದಂಬರಿ ಓದಿ ಮುಗಿಸಿದೆ. ಬ್ರಿಟಿಷರ ಕಾಲದ ಯುದ್ಧ, ಅದರೊಳಗೊಂದು ಕೊಲೆ, ಅದನ್ನು ನೆನೆದು ಕೊರಗುವ ಒಬ್ಬ ಬಿಳಿಯ ದೊರೆ. ಚೆನ್ನಾಗಿಯೇ ಬರೆದಿದ್ದಾರೆ. ಆದರೆ ಕೊರಗೆಲ್ಲ ಆ ದೊರೆಗೇ ಸೇರಿದ್ದು. ಸತ್ತವರ ಊರಿನವರಿಗೆ ಬಾಯೇ ಇಲ್ಲ. ಓದಿ ಸಿಟ್ಟು ಬಂತು.

ಇಂಥ ಕಥೆ ನಮ್ಮ ಮಣ್ಣಲ್ಲೇ ಇದೆ ಅಲ್ವಾ?

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗಿನ ಅರಸ ಚಿಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿತು. ಸುಳ್ಯದ ಕಡೆಯ ಊರುಗಳನ್ನು ಕೊಡಗಿನಿಂದ ಕಿತ್ತು ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿತು. ಭತ್ತದಲ್ಲಿ ಕೊಡುತ್ತಿದ್ದ ಕಂದಾಯವನ್ನು ದುಡ್ಡಲ್ಲೇ ಕೊಡಿ ಎಂದಿತು. 1837ರಲ್ಲಿ ಜನ ಎದ್ದರು, ಮಂಗಳೂರನ್ನೇ ಹಿಡಿದರು. ಅವರ ಮುಂದೆ ಇದ್ದವನ ಹೆಸರು ಕಲ್ಯಾಣಸ್ವಾಮಿ, ಕೊಡಗಿನ ಅರಸುಮನೆಯವನು ಎಂದು ಹೇಳಿಕೊಂಡವನ ಹೆಸರು. ಆದರೆ ನಿಜವಾದ ಕಲ್ಯಾಣಸ್ವಾಮಿ ಆಗಲೇ ಕಂಪನಿಯ ಸೆರೆಯಲ್ಲಿದ್ದ! ಅವನ ಹೆಸರು ಹೊತ್ತು ಮುಂದೆ ನಿಂತವನು ಪುಟ್ಟಬಸಪ್ಪ ಎಂಬವನು. ಕೊನೆಗೆ ಅವನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು. ಹಿಂದೆ ನಡೆದವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ರಾತ್ರಿ ಒಬ್ಬನೇ ಇದ್ದಾಗ ಯಾರಾದರೂ ಅವನನ್ನು ಅವನದೇ ಹೆಸರಲ್ಲಿ ಕರೆಯುತ್ತಿದ್ದರಾ? ನನಗೆ ಇದನ್ನು ಯೋಚಿಸಿದರೆ ನಿದ್ದೆ ಬರುವುದಿಲ್ಲ.

ಅದೇ ವರ್ಷ ಅಕ್ಟೋಬರ್ 31ರಂದು ಇದೇ ದಂಗೆಯ ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ನಮ್ಮ ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಮನೆಯವರ ಕಣ್ಣೆದುರೇ. ಇವತ್ತು ಅದೇ ಕೋಟೆಯ ಆನೆ ಪ್ರತಿಮೆಗಳ ಪಕ್ಕ ಮಕ್ಕಳು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಇನ್ನೊಂದು ವಸ್ತು ಇದೆ. ದಂಗೆ ಅಡಗಿಸಲು ನೆರವಾದ ಇಲ್ಲಿನವರಿಗೆ ಕಂಪನಿ ಕೊಟ್ಟ ಪದಕ. ಕೆಲವರಿಗೆ ಚಿನ್ನದ್ದು, ಉಳಿದವರಿಗೆ ಬೆಳ್ಳಿಯದು. ಒಂದು ಮುಖದಲ್ಲಿ ಕತ್ತಿ ಎತ್ತಿದ ಕೊಡವ ಯೋಧ, ಅವನ ಸುತ್ತ ಕನ್ನಡ ಅಕ್ಷರ. ಇನ್ನೊಂದು ಮುಖದಲ್ಲಿ ಇಂಗ್ಲಿಷ್. ನನಗೆ ಚುಚ್ಚುವುದು ಆ ಕನ್ನಡ. ನಮ್ಮವರನ್ನು ಹಿಡಿದುಕೊಟ್ಟದ್ದಕ್ಕೆ ಶಹಭಾಸ್‌ಗಿರಿ, ಅದೂ ನಮ್ಮದೇ ಮಾತಲ್ಲಿ.

ಯಾವ ಮನೆತನವನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಅರಸನ ಕೈಯಲ್ಲಿ ನೊಂದವರು ಬಹಳ ಜನ ಇದ್ದರು. ಕಂಪನಿಯೇ ಬರಲಿ ಎಂದವರಿಗೂ ಅವರದೇ ಕಾರಣ ಇತ್ತು. ಅದಕ್ಕೇ ಇದು ಕಾದಂಬರಿಯೇ ಆಗಬೇಕು. ಒಂದೇ ಮನೆಯಲ್ಲಿ ಅಣ್ಣನಿಗೆ ಪದಕ, ತಮ್ಮ ಕಾಡಿಗೆ ಓಡಿದವನು, ಒಲೆ ಮುಂದೆ ಇಬ್ಬರಿಗೂ ಅಕ್ಕಿರೊಟ್ಟಿ ಸುಡುತ್ತಾ ಕೂತ ಅವ್ವ. ಅವಳ ಮೌನದಲ್ಲೇ ಎಲ್ಲ ಗುಟ್ಟೂ ಇರಬೇಕು.

ಪತ್ತೆ ಮಾಡುವವನು ಮಾತ್ರ ದೊರೆ ಆಗುವುದು ಬೇಡ. ಕಚೇರಿಯ ಒಬ್ಬ ಗುಮಾಸ್ತ ಇರಲಿ. ಪದಕದ ಮೇಲಿನ ಕನ್ನಡ ಬರೆದುಕೊಟ್ಟವನೇ ಅವನಾಗಿರಲಿ.

ಬರೆಯುವ ಮನಸ್ಸಿದ್ದವರು ಬನ್ನಿ. ಕೋಟೆಗೆ ನಾನೇ ಕರೆದುಕೊಂಡು ಹೋಗುತ್ತೇನೆ.