ಎಂಟುನೂರು ಅಡಿ ಕೇಬಲ್ಲಿನ ತುದಿಯ ಮೋಟಾರು

"ಮೇಷ್ಟ್ರೇ, ಇದು ಲೋಡಿಗೆ ಸುಟ್ಟಿದ್ದಲ್ಲ" ಅಂದರು ಅರಸೀಕೆರೆಯ ರೀವೈಂಡಿಂಗ್ ಅಂಗಡಿಯವರು. ಸ್ಟೇಟರನ್ನು, ಅಂದರೆ ತಾಮ್ರದ ತಂತಿ ಸುತ್ತಿದ ಮೋಟಾರಿನ ತಿರುಗದ ಭಾಗವನ್ನು, ಬಾಗಿಲ ಬೆಳಕಿಗೆ ತಿರುಗಿಸಿ ತೋರಿಸಿದರು. ಲೋಡ್ ಜಾಸ್ತಿಯಾದರೆ ಇಡೀ ವೈಂಡಿಂಗ್ ಒಂದೇ ಸಮ ಕಪ್ಪಾಗುತ್ತದೆ. ಒಂದು ಫೇಸ್ ಹೋಗಿದ್ದರೆ ಎರಡು ಫೇಸಿನ ಕಾಯಿಲ್ ಸುಟ್ಟು ಮೂರನೆಯದು ಹೊಸದರಂತೆ ಉಳಿದಿರುತ್ತದೆ. ನಮ್ಮಪ್ಪನ ಬೋರಿನಿಂದ ಎತ್ತಿ ತಂದಿದ್ದ ಮೋಟಾರಿನಲ್ಲಿ ಇವೆರಡೂ ಇರಲಿಲ್ಲ. ಕೇಬಲ್ ಬಂದು ಸೇರುವ ಕಡೆಯ ಮೊದಲ ಕೆಲವು ಸುತ್ತುಗಳಲ್ಲಿ ಸೂಜಿಮೊನೆಯಷ್ಟು ತೂತು, ಅಷ್ಟೇ. "ಡ್ರೈವ್ ಹಾಕಿಸ್ದೋರ ಮೋಟ್ರು ಹಿಂಗೇ ಬರ್ತಾವೆ" ಅಂದರು.

ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಾ, ಮೋಟಾರು ಮತ್ತು ಪವರ್ ಕನ್ವರ್ಟರುಗಳ ನಿಯಂತ್ರಣದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಪುಸ್ತಕದಲ್ಲಿ ಓದಿದ್ದ ಸಂಗತಿಯೊಂದು ನಮ್ಮದೇ ತೋಟದ ಮೋಟಾರಿನಲ್ಲಿ ಕಣ್ಣಿಗೆ ಬಿದ್ದದ್ದು ಅದೇ ಮೊದಲು.

ಡ್ರೈವ್ ಅಂದರೆ ಮೋಟಾರಿನ ವೇಗವನ್ನು ಬೇಕಾದಂತೆ ಏರಿಸಿ ಇಳಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅಪ್ಪನಿಗೆ ಅದನ್ನು ಹಾಕಿಸಿಕೊಳ್ಳಿ ಎಂದು ಹೇಳಿದವನು ನಾನೇ. ಕಾರಣವೂ ಸರಿಯಿತ್ತು. ನೇರವಾಗಿ ಸ್ಟಾರ್ಟ್ ಮಾಡಿದರೆ ಇಂಡಕ್ಷನ್ ಮೋಟಾರು ಪೂರ್ತಿ ಲೋಡಿನ ಸುಮಾರು ಆರು ಪಟ್ಟು ಕರೆಂಟು ಎಳೆಯುತ್ತದೆ. ಬೇಸಿಗೆಯಲ್ಲಿ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಲೈನಿನ ಕೊನೆಯಲ್ಲಿರುವ ನಮ್ಮ ತೋಟಕ್ಕೆ ಬರುವ ವೋಲ್ಟೇಜಿಗೆ ಸ್ಟಾರ್ಟರ್ ಹಿಡಿದು ನಿಲ್ಲುವುದೇ ಕಷ್ಟ. ಡ್ರೈವ್ ಆದರೆ ನಿಧಾನಕ್ಕೆ ವೇಗ ಏರಿಸುತ್ತದೆ. ಮಾರುವವರು ಇನ್ನೊಂದು ಮಾತು ಹೇಳುತ್ತಾರೆ: ವೇಗವನ್ನು ಶೇಕಡ 80ಕ್ಕೆ ಇಳಿಸಿದರೆ ವಿದ್ಯುತ್ ಖರ್ಚು ಅರ್ಧವಾಗುತ್ತದಂತೆ. ಫ್ಯಾನಿಗೆ, ಸುತ್ತು ಬರುವ ನೀರಿನ ಪೈಪಿಗೆ ಆ ಲೆಕ್ಕ ನಿಜ. ಏಳುನೂರು ಅಡಿಯಿಂದ ನೀರೆತ್ತುವ ಬೋರಿಗೆ ಹೊಂದುವುದಿಲ್ಲ. ವೇಗ ಅಷ್ಟು ಇಳಿಸಿದರೆ ನೀರು ಮೇಲಕ್ಕೇ ಬರದಿರಬಹುದು. ಇದನ್ನು ರೈತರಿಗೆ ಬಿಡಿಸಿ ಹೇಳಬೇಕು.

ಈಗ ಆ ತೂತಿನ ವಿಷಯ. ಡ್ರೈವ್ ಮೊದಲು ತ್ರೀ ಫೇಸ್ ಕರೆಂಟನ್ನು ಸುಮಾರು 580 ವೋಲ್ಟಿನ ಡಿಸಿ ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, ಬೇಕಾದ ವೇಗಕ್ಕೆ ತಕ್ಕ ಎಸಿಯನ್ನು ಮೋಟಾರಿಗೆ ಕೊಡುತ್ತದೆ. ಕತ್ತರಿಸುವ ಸ್ವಿಚ್ಚಿನ ಹೆಸರು ಐಜಿಬಿಟಿ. 1980ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಅದನ್ನು ರೂಪಿಸಿದವರು ಬೆಂಗಳೂರಿನಲ್ಲಿ ಬೆಳೆದ ಬಿ. ಜಯಂತ್ ಬಾಳಿಗ. 2024ರಲ್ಲಿ ಅವರಿಗೆ ಫಿನ್ಲೆಂಡಿನ ಮಿಲೆನಿಯಮ್ ತಂತ್ರಜ್ಞಾನ ಪ್ರಶಸ್ತಿ ಬಂದಾಗ ತರಗತಿಯಲ್ಲಿ ಹೆಮ್ಮೆಯಿಂದ ಹೇಳಿದ್ದೆ. ಸ್ವಿಚ್ ಬೇಗ ಆನ್ ಆದಷ್ಟೂ ಬಿಸಿಯಾಗಿ ಪೋಲಾಗುವ ಶಕ್ತಿ ಕಡಿಮೆ. ಇವತ್ತಿನ ಐಜಿಬಿಟಿಗೆ ಅದಕ್ಕೆ ಮೈಕ್ರೋಸೆಕೆಂಡಿನ ಹತ್ತನೇ ಒಂದು ಭಾಗ ಸಾಕು.

ಆ ಚುರುಕುತನವೇ ಬೋರಿನೊಳಗಿನ ಮೋಟಾರಿಗೆ ಕಂಟಕ. ಮಳೆಗಾಲದಲ್ಲಿ ಗಾಳಿ ಜೋರಾದಾಗ ಕೆರೆಯ ಅಲೆ ಏರಿಗೆ ಬಡಿದು ಮೇಲೇಳುವುದನ್ನು ನೋಡಿದ್ದೀರಲ್ಲ, ಕೇಬಲ್ಲಿನಲ್ಲಿ ವೋಲ್ಟೇಜೂ ಹಾಗೇ ಅಲೆಯಾಗಿ ಓಡಿ ಮೋಟಾರಿಗೆ ಬಡಿದು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ನಮ್ಮ ಬೋರಿನ ಎಂಟುನೂರು ಅಡಿ ಕೇಬಲ್ ದಾಟಲು ಅಲೆಗೆ ಬೇಕಾದ್ದು ಸುಮಾರು 1.6 ಮೈಕ್ರೋಸೆಕೆಂಡ್. ಅದು ತಲುಪುವಷ್ಟರಲ್ಲಿ ಮೇಲೆ ಸ್ವಿಚ್ ಪೂರ್ತಿ ಆನ್ ಆಗಿ ಎಷ್ಟೋ ಹೊತ್ತಾಗಿರುತ್ತದೆ, ಹಾಗಾಗಿ ಹೊಡೆತ ಪೂರಾ ಬೀಳುತ್ತದೆ. ಅಷ್ಟು ಚೂಪಾದ ಅಲೆ ವೈಂಡಿಂಗಿನ ಎಲ್ಲ ಸುತ್ತುಗಳಿಗೂ ಸಮವಾಗಿ ಹಂಚಿಕೊಳ್ಳುವುದಿಲ್ಲ, ಮೊದಲ ಸುತ್ತುಗಳೇ ಬಹುಪಾಲು ತಡೆದುಕೊಳ್ಳಬೇಕು. ಅಂಗಡಿಯವರು ಬೆರಳಿಟ್ಟು ತೋರಿಸಿದ್ದು ಅದೇ ಜಾಗ.

ನಮ್ಮ ಲ್ಯಾಬಿನಲ್ಲಿ ಇದು ಕಾಣಿಸುವುದೇ ಇಲ್ಲ. ಅಲ್ಲಿ ಡ್ರೈವಿನಿಂದ ಮೋಟಾರಿಗೆ ಇರುವ ಕೇಬಲ್ ಎರಡು ಮೀಟರ್. ಕಂಪ್ಯೂಟರ್ ಸಿಮ್ಯುಲೇಶನ್ನಿನಲ್ಲಂತೂ ಕೇಬಲ್ಲೇ ಇಲ್ಲ, ಮೂರು ಫೇಸೂ ಒಂದೇ ಸಮ, ಮೋಟಾರು ಬಿಸಿಯಾಗುವುದೂ ಇಲ್ಲ. 1970ರ ದಶಕದ ಆರಂಭದಲ್ಲಿ ಜರ್ಮನಿಯ ಫೆಲಿಕ್ಸ್ ಬ್ಲಾಷ್ಕೆ ಬೆಳೆಸಿದ ಫೀಲ್ಡ್ ಓರಿಯೆಂಟೆಡ್ ಕಂಟ್ರೋಲ್, 1986ರಲ್ಲಿ ಜಪಾನಿನ ತಕಹಾಶಿ ಮತ್ತು ನೊಗುಚಿ ಪ್ರಕಟಿಸಿದ ಡೈರೆಕ್ಟ್ ಟಾರ್ಕ್ ಕಂಟ್ರೋಲ್, ಮೋಟಾರನ್ನು ಹಿಡಿತದಲ್ಲಿಡುವ ಈ ಎರಡು ವಿಧಾನಗಳನ್ನು ನಾನು ಪ್ರೀತಿಯಿಂದ ಓದಿದವನು, ಪಾಠ ಮಾಡುವವನು. ಆದರೆ ಅದೇ ವಿಧಾನಗಳನ್ನು ಇಷ್ಟಿಷ್ಟೇ ತಿದ್ದಿ, ಟಾರ್ಕಿನ (ತಿರುಗುಬಲದ) ಏರಿಳಿತ ಇನ್ನೊಂದಿಷ್ಟು ಕಡಿಮೆಯಾಯಿತು ಎಂದು ಪರದೆಯ ಮೇಲೆ ತೋರಿಸಿ ಪ್ರಬಂಧ ಬರೆಯುವುದು ಸಾಕು ಅನ್ನಿಸಿಬಿಟ್ಟಿದೆ. ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಕೂತು ಮೋಟಾರು ಸಂಶೋಧನೆ ಮಾಡುವವರು ಬೋರಿನ ಮೋಟಾರನ್ನು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಮೋಟಾರನ್ನು ಮುಟ್ಟದೆ ಪದವಿ ಪಡೆಯಬಾರದು. ಇದು ನನ್ನ ಖಚಿತ ಅಭಿಪ್ರಾಯ.

ವಿಷಯಕ್ಕೇನೂ ಬರವಿಲ್ಲ. ಬೋರಿನೊಳಗಿನ ಮೋಟಾರಿಗೆ ವೇಗ ಅಳೆಯುವ ಸೆನ್ಸರ್ ಕೂರಿಸುವ ಹಾಗಿಲ್ಲ. ಮೇಲೆ ಪ್ಯಾನೆಲ್ಲಿನಲ್ಲಿ ಸಿಗುವ ಕರೆಂಟು, ವೋಲ್ಟೇಜಿನಿಂದಲೇ ಊಹಿಸಬೇಕು. ನಡುವಿನ ಕೇಬಲ್ಲಿನಲ್ಲಿ ಇಳಿದುಹೋದ ವೋಲ್ಟೇಜನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಊಹೆ ತಪ್ಪುತ್ತದೆ. ಒಂದು ಅಲೆ ಅಡಗುವ ಮೊದಲೇ ಇನ್ನೊಂದು ಹಿಂದೆ ಬಂದರೆ ಹೊಡೆತ ಎರಡು ಪಟ್ಟನ್ನೂ ಮೀರುತ್ತದೆ. ಹಾಗಾಗದಂತೆ ಸ್ವಿಚ್ಚಿಂಗನ್ನು ಹೊಂದಿಸುವುದು ಅಪ್ಪಟ ಕಂಟ್ರೋಲಿನ ಕೆಲಸ. ಈಗ ನನ್ನ ಪಿಎಚ್‌ಡಿ ಅದರ ಮೇಲೇ ನಡೆದಿದೆ.

ಹೋದ ರಜೆಯಲ್ಲಿ ಕಾಲೇಜಿನ ಮೈದಾನದ ಅಂಚಿನಲ್ಲಿ ಎಂಟುನೂರು ಅಡಿ ಫ್ಲಾಟ್ ಕೇಬಲ್ ಬಿಚ್ಚಿ ಹಾಸಿದೆವು. ಸುರುಳಿಯಾಗಿ ಬಿಟ್ಟಿದ್ದರೆ ಅಳತೆ ಕೆಡುತ್ತದೆ. ಏಳೂವರೆ ಎಚ್‌ಪಿ ಮೋಟಾರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಡ್ರೈವ್ ಆನ್ ಮಾಡಿದಾಗ ಮೋಟಾರಿನ ತುದಿಯಲ್ಲಿ ವೋಲ್ಟೇಜಿನ ಮೊನೆ ಸಾವಿರ ವೋಲ್ಟ್ ದಾಟಿತು. ಹುಡುಗರು ಮಾತಾಡದೆ, ವೋಲ್ಟೇಜಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪನ್ನೇ ನೋಡುತ್ತಾ ನಿಂತುಬಿಟ್ಟರು. ಆಮೇಲೆ ಡ್ರೈವಿನ ಬಾಯಿಗೆ ಕಾಯಿಲ್ಲು, ಕೆಪಾಸಿಟರ್ ಸೇರಿಸಿದ ಫಿಲ್ಟರ್ ಕೂರಿಸಿದೆವು; ಅಲೆಯ ಚೂಪು ಹೋಗಿ ಮೊನೆ ಕಣ್ಣೆದುರೇ ಇಳಿಯಿತು. ಆ ಕಾಯಿಲನ್ನು ಸುತ್ತಿಕೊಟ್ಟವರು ಅರಸೀಕೆರೆಯ ಅದೇ ಅಂಗಡಿಯವರು. ಪ್ರಬಂಧದಲ್ಲಿ ಅವರ ಹೆಸರು ಕೃತಜ್ಞತೆಯ ಸಾಲಿನಲ್ಲಿ ಮೊದಲು ಬರುತ್ತದೆ.

ಒಂದು ಕೋರಿಕೆ. ಬೋರಿಗೆ ಡ್ರೈವ್ ಹಾಕಿಸುವವರು ಕೇಬಲ್ ಎಷ್ಟು ಅಡಿ ಎಂದು ಮೊದಲೇ ಹೇಳಿ, ಫಿಲ್ಟರ್ ಕೇಳಿ ಪಡೆಯಿರಿ. ಹಾಸನ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಯಾರದಾದರೂ ಮೋಟಾರು ಡ್ರೈವ್ ಹಾಕಿದ ಮೇಲೆ ಸುಟ್ಟಿದ್ದರೆ, ತಾಮ್ರ ಬಿಚ್ಚುವ ಮುಂಚೆ ವೈಂಡಿಂಗಿನ ಫೋಟೋ ತೆಗೆದಿಡಿ, ಎಷ್ಟು ದಿನ ಓಡಿತ್ತು ಬರೆದಿಡಿ. ಭಾನುವಾರ ನಾನೇ ಬಂದು ನೋಡುತ್ತೇನೆ.