ಬೆಂಗಳೂರಿನವರಿಗೊಂದು ಪೇಜು, ಸಾಗರದವರಿಗೊಂದು ಪೇಜು

ಮಳೆಗಾಲ ಹತ್ತಿರ ಬಂತೆಂದರೆ ಸಾಗರ, ಹೊಸನಗರ ಕಡೆಯ ಹೋಂಸ್ಟೇ ಮಾಲೀಕರು ನನ್ನ ಹತ್ತಿರ ಕೇಳುವುದು ಹೆಚ್ಚುಕಮ್ಮಿ ಒಂದೇ. "ನಮ್ಮ ವೆಬ್‌ಸೈಟಿಗೆ ಬೆಂಗಳೂರಿನವರು ಬಂದ್ರೆ ಒಂದು ಪೇಜು, ಲೋಕಲ್‌ನವರು ಬಂದ್ರೆ ಇನ್ನೊಂದು ಪೇಜು ತೆರೆಯೋ ಹಾಗೆ ಮಾಡಿಕೊಡಿ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸುತ್ತಾರೆ. "ಬೆಂಗಳೂರಿನವರ ಪೇಜಲ್ಲಿ ರೇಟು ಒಂಚೂರು ಜಾಸ್ತಿ ಇರ್ಲಿ."

ಯಾರಿಗೆ ಯಾವ ಪೇಜು ಅನ್ನುವ ಆ ರೂಲ್ ಹಾಕುವುದು ದೊಡ್ಡ ಕೆಲಸವೇನಲ್ಲ. ಆದರೂ ನಾನು ಹಾಕಿಕೊಡುವುದಿಲ್ಲ. ಬಂದವರು ಏನನ್ನು ಒತ್ತಿ ಬಂದರು ಅನ್ನುವುದನ್ನು ನೋಡಿ ಪೇಜು ತೋರಿಸಬೇಕು. ಅವರು ಯಾವ ಊರಿನವರಿರಬಹುದು ಅಂತ ಊಹೆ ಮಾಡಿ ಅಲ್ಲ.

ಊಹೆ ಹೇಗೆ ಕೈಕೊಡುತ್ತದೆ ನೋಡಿ. ಬಂದವರ ಊರನ್ನು ವೆಬ್‌ಸೈಟು ಸಾಮಾನ್ಯವಾಗಿ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕಕ್ಕೆ ಇರುವ ನಂಬರು, ನೋಡಿ ಅಂದಾಜು ಮಾಡುತ್ತದೆ. ಮೊಬೈಲ್ ಡೇಟಾದಲ್ಲಿ ಆ ವಿಳಾಸ ನಮ್ಮ ಫೋನಿನದ್ದೇ ಅಂತ ಇರುವುದಿಲ್ಲ. ಮೊಬೈಲ್ ಕಂಪನಿಯದ್ದು ಇರುತ್ತದೆ. ಒಂದೇ ವಿಳಾಸದ ಹಿಂದೆ ಬೇಕಾದಷ್ಟು ಫೋನುಗಳಿರುತ್ತವೆ, ನಮ್ಮ ಡೇಟಾ ಇಂಟರ್ನೆಟ್ಟಿಗೆ ಹೊರಡುವ ಕಂಪನಿಯ ಗೇಟ್‌ವೇ ಯಾವುದೋ ದೊಡ್ಡ ಊರಲ್ಲಿರುತ್ತದೆ. ತಾಳಗುಪ್ಪದ ಕಡೆಯ ಒಬ್ಬ ಮಾಲೀಕರಿಗೆ ಇದನ್ನು ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲ. ವೈಫೈ ಆಫ್ ಮಾಡಿಸಿ, ಐಪಿ ಲೊಕೇಶನ್ ತೋರಿಸುವ ಒಂದು ಸೈಟು ತೆರೆಸಿದೆ. ಬೆಂಗಳೂರು ಅಂತ ಬಂತು. "ಎಂತ ಮಾರಾಯ್ರೆ, ನಾನು ಇಲ್ಲೇ ಅಂಗಳದಲ್ಲಿ ನಿಂತಿದೀನಲ್ಲ!" ಅಂದರು. ಹಾಗಾದರೆ ನಿಮ್ಮ ಭಾವ ಸಾಗರದ ಪೇಟೆಯಲ್ಲಿ ನಿಂತು ಸೈಟು ನೋಡಿದರೆ ಯಾವ ರೇಟು ಕಾಣುತ್ತದೆ ಅಂತ ಕೇಳಿದೆ. ಅಲ್ಲಿಗೆ ಆ ಮಾತು ಮುಗಿಯಿತು.

ರೇಟು ಜಾಸ್ತಿ ಬೇಕಿದ್ದರೆ ಶನಿವಾರ, ಭಾನುವಾರಕ್ಕೆ ಜಾಸ್ತಿ ಮಾಡಿ. ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ. ಅದರಲ್ಲಿ ಮುಚ್ಚುಮರೆ ಇಲ್ಲ. ಊರು ನೋಡಿ ರೇಟು ಬದಲಿಸಿದರೆ, ಒಂದೇ ವಾಟ್ಸಾಪ್ ಗುಂಪಿನ ಗೆಳೆಯರು ಸ್ಕ್ರೀನ್‌ಶಾಟ್ ಹಂಚಿಕೊಂಡ ದಿನ ಮರ್ಯಾದೆ ಹೋಗುತ್ತದೆ, ಅಲ್ವಾ?

ಭಾಷೆಯದ್ದೂ ಇದೇ ಕಥೆ. ಬ್ರೌಸರಿನ ಭಾಷೆ ನೋಡಿ ಕನ್ನಡ ಪೇಜಿಗೋ ಇಂಗ್ಲಿಷ್ ಪೇಜಿಗೋ ಕಳಿಸಬಹುದು. ಆದರೆ ನಮ್ಮಲ್ಲಿ ದಿನಾ ಕನ್ನಡ ಪೇಪರ್ ಓದುವವರ ಫೋನೂ ಇಂಗ್ಲಿಷಿನಲ್ಲೇ ಇರುತ್ತದೆ. ಭಾಷೆ ಊಹಿಸಿ ತಾನಾಗಿ ಬೇರೆ ಪೇಜಿಗೆ ತಳ್ಳಬೇಡಿ ಅಂತ ಗೂಗಲ್ ಕೂಡ ಹೇಳುತ್ತದೆ. ಪೇಜುಗಳನ್ನು ಓದಿಕೊಂಡು ಹೋಗುವ ಅದರ ಪ್ರೋಗ್ರಾಮು, ಅಂದರೆ ಬಾಟ್, ಹೆಚ್ಚಾಗಿ ಅಮೆರಿಕದ ವಿಳಾಸದಿಂದ ಬರುತ್ತದೆ. ಹೊರದೇಶದಿಂದ ಬಂದವರೆಲ್ಲ ಇಂಗ್ಲಿಷ್ ಪೇಜಿಗೆ ಹೋಗಲಿ ಅಂತ ರೂಲ್ ಹಾಕಿದರೆ, ಕಷ್ಟಪಟ್ಟು ಬರೆದ ಕನ್ನಡ ಪೇಜು ಅದರ ಕಣ್ಣಿಗೇ ಬೀಳದೆ ಹೋಗಬಹುದು. ಮೇಲ್ಗಡೆ ಎರಡು ಭಾಷೆಯ ಲಿಂಕ್ ಇಟ್ಟರೆ ಆಯಿತು. ಬೇಕಾದವರು ಒತ್ತುತ್ತಾರೆ.

ಹಾಗಾದರೆ ರೂಲ್ ಬೇಡವೇ ಬೇಡವಾ? ಬೇಕು. ಆಗುಂಬೆ ಮಳೆಯ ರೀಲ್ ನೋಡಿ ಲಿಂಕ್ ಒತ್ತಿದವರಿಗೆ ಮಳೆಯ ಪೇಜೇ ತೆರೆಯಬೇಕು. ಅಲ್ಲಿ ಇಂಬಳದ ವಿಷಯ, ಕರೆಂಟ್ ಹೋಗುವ ವಿಷಯ ಎರಡನ್ನೂ ನೇರವಾಗಿ ಬರೆದಿರಬೇಕು. ಆಗಲೇ ರೂಮ್ ಬುಕ್ ಮಾಡಿದವರು ತಿರುಗಿ ಬಂದರೆ ಅವರಿಗೆ ಮತ್ತೆ ಆಫರ್ ತೋರಿಸುವುದೇಕೆ? ದಾರಿಯ ಮ್ಯಾಪ್, ಮನೆಯವರ ಫೋನ್ ನಂಬರ್ ಕೊಡಿ. ಜನ ಎಲ್ಲಿಂದ ಬಂದರು ಅಂತ ತಿಳಿಯಲು ಲಿಂಕಿಗೆ ಹಚ್ಚುವ ಯುಟಿಎಂ ಹೆಸರುಗಳನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲೇ ಬರೆಯಿರಿ. ಒಂದು ಕಡೆ ದೊಡ್ಡ ಅಕ್ಷರ ಬಿದ್ದರೆ ಎಷ್ಟೋ ಟೂಲುಗಳು ಅದನ್ನು ಬೇರೆಯದ್ದೇ ಅಂತ ಎಣಿಸುತ್ತವೆ. ನಮ್ಮೂರಿನ ಹೆಸರಿನದ್ದು ಇನ್ನೊಂದು ತಾಪತ್ರಯ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಶಿವಮೊಗ್ಗ ಆಯಿತು ನಿಜ. ಜನ ಈಗಲೂ ಶಿಮೊಗ ಅಂತಲೇ ಟೈಪ್ ಮಾಡುತ್ತಾರೆ. ಹುಡುಕಾಟದ ಪದ ನೋಡುವ ರೂಲಿನಲ್ಲಿ ಎರಡೂ ಇರಲಿ.

ಜೋಗದ ಪೇಜಿಗೆ ಮಾತ್ರ ತಾರೀಕು ನೋಡುವ ರೂಲ್ ಹಾಕಲೇಬೇಕು ಅನ್ನುವುದು ನನ್ನ ಹಟ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ನೀರು ಮೇಲೆಯೇ ನಿಲ್ಲುತ್ತದೆ, ಕರೆಂಟಿಗೆ ಹೋಗುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಬೀಳುವುದನ್ನು ನೋಡಬೇಕೆಂದರೆ ಒಳ್ಳೇ ಮಳೆಗಾಲದಲ್ಲೇ ಬರಬೇಕು. ಏಪ್ರಿಲ್‌ನಲ್ಲಿ ಜೋಗ ಅಂತ ಹುಡುಕಿ ಬಂದವರಿಗೆ ಆಗಸ್ಟಿನ ಫೋಟೊ ಇರುವ ಪೇಜು ತೋರಿಸಿ ದುಡ್ಡು ಕಟ್ಟಿಸಿಕೊಳ್ಳುವುದು ಮೋಸವೇ. ಬೇಸಿಗೆಗೆ ಬೇರೆ ಪೇಜು ಮಾಡಿ. ಇಕ್ಕೇರಿ, ಕೆಳದಿ ದೇವಸ್ಥಾನ ತೋರಿಸಿ. ನೀರು ಕಮ್ಮಿ ಇದೆ ಅಂತ ಮೊದಲೇ ಹೇಳಿ. ಇಷ್ಟು ಹೇಳಿದರೂ ಬರುವವರು ಬಂದೇ ಬರುತ್ತಾರೆ.

ಇನ್ನು ಯಾವ ರೂಲ್ ಮೊದಲು, ಯಾವುದು ಆಮೇಲೆ ಅನ್ನುವ ವಿಷಯ. ಹೆಚ್ಚಿನ ಟೂಲುಗಳು ರೂಲುಗಳನ್ನು ಮೇಲಿಂದ ಕೆಳಗೆ ಓದುತ್ತವೆ, ಮೊದಲು ಹೊಂದಿದ್ದೇ ಗೆಲ್ಲುತ್ತದೆ. "ಮೊಬೈಲ್‌ನಿಂದ ಬಂದವರು" ಅನ್ನುವ ಅಗಲವಾದ ರೂಲ್ ಮೊದಲು ಕೂತರೆ ಅದರ ಕೆಳಗಿನ ಜೋಗದ ರೂಲಿಗೆ ಕೆಲಸವೇ ಇರುವುದಿಲ್ಲ. ಯಾಕೆಂದರೆ ಬರುವವರೆಲ್ಲ ಹೆಚ್ಚುಕಮ್ಮಿ ಮೊಬೈಲ್‌ನವರೇ. ಕಿರಿದಾದ್ದು ಮೇಲೆ, ಅಗಲವಾದ್ದು ಕೆಳಗೆ, ಯಾವುದಕ್ಕೂ ಸಿಗದವರಿಗೆ ಕೊನೆಯಲ್ಲಿ ಒಂದು ಮಾಮೂಲಿ ಪೇಜು. ಮತ್ತೆ, ಬಂದವರನ್ನು ಬೇರೆ ಪೇಜಿಗೆ ಕಳಿಸುವ ರೀಡೈರೆಕ್ಟ್ 301 ಹಾಕಬೇಡಿ, 302 ಹಾಕಿ. 301 ಅಂದರೆ ಖಾಯಂ, 302 ಅಂದರೆ ತಾತ್ಕಾಲಿಕ. ಬ್ರೌಸರ್ 301 ಅನ್ನು ನೆನಪಿಟ್ಟುಕೊಂಡು, ನೀವು ರೂಲ್ ಬದಲಿಸಿದ ಮೇಲೂ ಹಳೇ ಜಾಗಕ್ಕೇ ಹೋಗುತ್ತಿರಬಹುದು.

ಹಳೇ ರೂಲುಗಳನ್ನು ಕೇಳುವವರೇ ಇಲ್ಲ ಅನ್ನುವುದು ನನ್ನ ದೊಡ್ಡ ತಕರಾರು. ಸಿಗಂದೂರಿಗೆ ಮೊದಲೆಲ್ಲ ಅಂಬಾರಗೋಡ್ಲಿನಲ್ಲಿ ಲಾಂಚ್ ಕಾದು ಹೋಗಬೇಕಿತ್ತು. ಆಗ ಸಿಗಂದೂರು ಅಂತ ಹುಡುಕಿ ಬಂದವರಿಗೆ ಲಾಂಚ್ ಸಮಯದ ಪೇಜು ತೋರಿಸಿದ್ದು ಸರಿಯೇ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆಯಾಯಿತು. ಆಮೇಲೂ ಕೆಲವು ಸೈಟುಗಳು ಜನರನ್ನು ಅದೇ ಪೇಜಿಗೆ ಕಳಿಸುತ್ತಿದ್ದವು. "ಕೊನೇ ಲಾಂಚ್ ಎಷ್ಟೊತ್ತಿಗೆ?" ಅಂತ ಫೋನ್ ಬಂದಾಗ ಮಾಲೀಕರಿಗೇ ಆಶ್ಚರ್ಯ. ಅದಕ್ಕೇ ಈಗ ರೂಲ್ ಹಾಕುವಾಗಲೇ ಪಕ್ಕದಲ್ಲಿ ಎರಡು ವಿಷಯ ಬರೆಸುತ್ತೇನೆ. ಯಾಕೆ ಹಾಕಿದ್ದು, ಯಾವ ತಿಂಗಳು ತೆಗೆಯಬೇಕು. ಎರಡನೆಯದನ್ನು ಖಾಲಿ ಬಿಟ್ಟವರ ರೂಲನ್ನು ನಾನು ಆನ್ ಮಾಡುವುದಿಲ್ಲ.